ಎರಡು ಬೆರಳಿನಷ್ಟು ಕೆಳಗೆ

"ಒಳಗೆ ಯಾರೂ ಹೋಗಿಲ್ಲ ಅಂತೀರ. ಮತ್ತೆ ಈ ಚಿತ್ರ ಯಾರು ನೋಡ್ಕೊಂಡು ಬರೆದ್ರು ಸಾರ್?"

ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. ಶಿಲಾಗೋಳದ ಪಾಠ ನಡೆಯುತ್ತಿತ್ತು. ನಾನು ಪ್ರತಿ ವರ್ಷದ ಹಾಗೆ ಬೋರ್ಡ್ ಮೇಲೆ ದೊಡ್ಡ ಗೋಳ ಬರೆದು, ಕಲ್ಲಂಗಡಿಯಿಂದ ಒಂದು ಹೋಳು ತೆಗೆದಂತೆ ಕತ್ತರಿಸಿ, ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಅಂತ ಬಾಣದ ಗುರುತು ಹಾಕಿದ್ದೆ. ಮ್ಯಾಂಟಲ್‌ಗೆ ಕೆಂಪು ಸೀಮೆಸುಣ್ಣ. ಹನ್ನೊಂದು ವರ್ಷದಿಂದ ಅದೇ ಕೆಂಪು.

"ನಾಳೆ ಹೇಳ್ತೀನಿ ಕೂತ್ಕೋ" ಅಂದೆ. ಮೇಷ್ಟ್ರಾದವರಿಗೆ ಆ 'ನಾಳೆ'ಯ ಅರ್ಥ ಗೊತ್ತಿರುತ್ತದೆ.

ಮನೆಗೆ ಬಂದು ಓದುತ್ತಾ ಕೂತಾಗ ಮೊದಲು ಸಿಕ್ಕಿದ್ದು ನನ್ನದೇ ತಪ್ಪು. ಮ್ಯಾಂಟಲ್ ಅಂದರೆ ಕುದಿಯುವ ಲಾವಾ, ನಾವೆಲ್ಲ ಅದರ ಮೇಲೆ ತೇಲುತ್ತಿದ್ದೇವೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಹಾಗಿಲ್ಲ. ಮ್ಯಾಂಟಲ್ ಹೆಚ್ಚುಕಮ್ಮಿ ಪೂರ್ತಿ ಗಟ್ಟಿ ಕಲ್ಲು. ಕೆಲವು ಕಡೆ ಮಾತ್ರ ಸ್ವಲ್ಪ ಕರಗಿರುತ್ತದೆ. ಜ್ವಾಲಾಮುಖಿಗಳ ಜೊತೆ ಮೇಲೆ ಬಂದ ಅದರ ಚೂರುಗಳು ಹಸಿರು ಬಣ್ಣಕ್ಕಿರುತ್ತವೆ. ದ್ರವ ಇರುವುದು ಇನ್ನೂ ಕೆಳಗೆ, ಹೊರ ಕೇಂದ್ರಗೋಳದಲ್ಲಿ. ಅದೂ ಕರಗಿದ ಕಬ್ಬಿಣ ಮತ್ತು ನಿಕ್ಕಲ್.

ನಾನಿರುವುದು ಬಂಗಾರಪೇಟೆ ಕಡೆ. ತರಗತಿಯಲ್ಲಿ ನಾಲ್ಕೈದು ಮಕ್ಕಳ ತಾತಂದಿರು ಕೆಜಿಎಫ್ ಗಣಿಯಲ್ಲಿ ದುಡಿದವರು. ಗಣಿ 2001ರಲ್ಲೇ ಮುಚ್ಚಿತು. ಈ ಮಕ್ಕಳು ನೋಡಿರುವುದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ಗುಡ್ಡಗಳನ್ನು ಮಾತ್ರ. ಆದರೂ 'ಭೂಮಿ ಒಳಗೆ' ಅಂದ ತಕ್ಷಣ ಹಿಂದಿನ ಬೆಂಚಿನ ಒಬ್ಬ ಹುಡುಗನ ಎದೆ ಉಬ್ಬುತ್ತದೆ. "ನಮ್ ತಾತ ಹೋಗಿದಾರೆ ಸಾರ್. ಚಾಂಪಿಯನ್ ರೀಫು. ಮೂರು ಕಿಲೋಮೀಟ್ರು." ಅದು ಸುಳ್ಳೂ ಅಲ್ಲ. ಚಾಂಪಿಯನ್ ರೀಫ್ ಸುಮಾರು 3.2 ಕಿ.ಮೀ. ಆಳ ಇಳಿದಿತ್ತು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು.

ಮಾರನೇ ದಿನ ಪಿ.ಟಿ. ಮೇಷ್ಟ್ರ ಹತ್ತಿರ ಟೇಪು, ಖೋಖೋ ಅಂಕಣಕ್ಕೆ ಹಾಕಿ ಉಳಿದಿದ್ದ ಸುಣ್ಣದ ಪುಡಿ ಇಸ್ಕೊಂಡು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಗೇಟ್ ಹತ್ತಿರ ಒಂದು ಗೆರೆ: ಅದು ನಾವು ನಿಂತ ನೆಲ. ಒಂದು ಮೀಟರ್ ಅಂದರೆ 100 ಕಿ.ಮೀ. ಅಂತ ಲೆಕ್ಕ. ಭೂಮಿಯ ತ್ರಿಜ್ಯ 6,371 ಕಿ.ಮೀ., ಅಂದರೆ ಕೇಂದ್ರ ಬರುವುದು ಗೇಟಿನಿಂದ ಸುಮಾರು 64 ಮೀಟರಿಗೆ. ಸರಿಯಾಗಿ ಹೊಂಗೆ ಮರದ ಬುಡಕ್ಕೆ ಬಂತು.

ಎಲ್ಲರೂ ಮರದ ಕಡೆ ಓಡಿದರು. "ಮೊದಲು ಭೂಕವಚ ದಾಟ್ರೋ" ಅಂತ ಕೂಗಿ ನಿಲ್ಲಿಸಿದೆ. ನಮ್ಮ ಕೆಳಗೆ ಅದು ಹೆಚ್ಚುಕಮ್ಮಿ 35 ಕಿ.ಮೀ. ದಪ್ಪ. ಮೈದಾನದ ಲೆಕ್ಕದಲ್ಲಿ 35 ಸೆಂಟಿಮೀಟರ್. ಒಂದು ಸ್ಕೇಲು, ಮೇಲೆ ಎರಡು ಬೆರಳು. ಸಮುದ್ರದ ತಳದಲ್ಲಾದರೆ ಏಳೇ ಸೆಂಟಿಮೀಟರ್. ಮ್ಯಾಂಟಲ್ ಮುಗಿಯುವುದು 29 ಮೀಟರಿಗೆ, ಹೊರ ಕೇಂದ್ರಗೋಳ ಮುಗಿಯುವುದು 51 ದಾಟಿದ ಮೇಲೆ, ಅಲ್ಲಿಂದ ಮರದವರೆಗೆ ಒಳ ಕೇಂದ್ರಗೋಳ.

"ನಮ್ ತಾತ ಎಲ್ಲಿ ಸಾರ್?"

ಅಳೆದು ತೋರಿಸಿದೆ. ಮೂರು ಸೆಂಟಿಮೀಟರ್ ಚಿಲ್ಲರೆ. ಎರಡು ಬೆರಳು ಅಡ್ಡ ಇಟ್ಟರೆ ಮುಗಿಯಿತು. ಹುಡುಗನ ಮುಖ ನೋಡಬೇಕಿತ್ತು. ಒಮ್ಮೆ ಗೆರೆ ನೋಡಿದ, ಒಮ್ಮೆ ಹೊಂಗೆ ಮರ ನೋಡಿದ. "ಸರಿಯಾಗಿ ಅಳೀರಿ ಸಾರ್" ಅಂದ.

ಸಮಾಧಾನಕ್ಕೆ ರಷ್ಯಾದ ಕೋಲಾ ಅನ್ನುವ ಜಾಗದ ಕಥೆ ಹೇಳಿದೆ. ಸೋವಿಯತ್ ದೇಶದವರು 1970ರಲ್ಲಿ ಅಲ್ಲೊಂದು ಬಾವಿ ಕೊರೆಯೋಕೆ ಶುರು ಮಾಡಿ, 1989ರ ಹೊತ್ತಿಗೆ 12,262 ಮೀಟರ್ ಮುಟ್ಟಿದರು. ಮನುಷ್ಯ ಇಳಿಯುವಂಥದ್ದಲ್ಲ. ಬಾಯಿ ಊಟದ ತಟ್ಟೆಗಿಂತ ಚಿಕ್ಕದು. ಅಲ್ಲಿ 100 ಡಿಗ್ರಿ ಇರಬಹುದು ಅಂದುಕೊಂಡಿದ್ದರೆ 180 ಇತ್ತು, ಮುಂದೆ ಕೊರೆಯೋಕೆ ಆಗಲಿಲ್ಲ. ನಮ್ಮ ಮೈದಾನದಲ್ಲಿ ಅದು 12 ಸೆಂಟಿಮೀಟರ್. ಸುಣ್ಣದ ಗೆರೆ ಪಕ್ಕ 'ಕೋಲಾ' ಅಂತ ಬರೆದೆ. "ಸಾರ್, 'ರ' ಬಿಟ್ಟಿದೀರ" ಅಂತ ಇಬ್ಬರು ತಿದ್ದಿದರು.

ಇಷ್ಟಾದರೂ ಆ ಹುಡುಗಿಯ ಪ್ರಶ್ನೆ ಹಾಗೇ ಇತ್ತು. ಇನ್ನೂ ಜೋರಾಗಿತ್ತು, ಅಲ್ವಾ? ಅರವತ್ತನಾಲ್ಕು ಮೀಟರಿನಲ್ಲಿ ಹನ್ನೆರಡು ಸೆಂಟಿಮೀಟರ್ ಕೆದಕಿದವರು ಮಿಕ್ಕಿದ್ದನ್ನು ಹೇಗೆ ಬರೆದರು?

ಉತ್ತರ ಭೂಕಂಪದ ಅಲೆಗಳಲ್ಲಿದೆ. ಅದನ್ನು ಮಕ್ಕಳಿಂದಲೇ ಮಾಡಿಸಿದೆ. ಹದಿನೈದು ಜನ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತರು. ಮೊದಲನೆಯವನನ್ನು ಮೆಲ್ಲಗೆ ತಳ್ಳಿದರೆ ತಳ್ಳು ಕೊನೆಯವರೆಗೂ ಹೋಗುತ್ತದೆ. ಇದು ಪಿ ಅಲೆ. (ಮೆಲ್ಲಗೆ ಅಂತ ನಾನು ಹೇಳಿದ್ದೆ. ಕೊನೆಯಲ್ಲಿದ್ದವನು ದಾಸವಾಳದ ಗಿಡದೊಳಗೆ ಹೋಗಿ ಬಿದ್ದ. ಹೆಡ್‌ಮೇಡಂ ಕಿಟಕಿಯಿಂದ ನೋಡಿದರು, ಏನೂ ಹೇಳಲಿಲ್ಲ.) ಆಮೇಲೆ ಎಲ್ಲರೂ ತೋಳಿಗೆ ತೋಳು ಬಿಗಿಯಾಗಿ ಹೆಣೆದು ನಿಂತರು. ಮೊದಲನೆಯವನು ಮುಂದಕ್ಕೆ ಬಗ್ಗಿ ಎದ್ದರೆ ಪಕ್ಕದವನೂ ಬಗ್ಗಲೇಬೇಕು. ಇದು ಎಸ್ ಅಲೆ. ಈಗ ತೋಳು ಬಿಡಿಸಿ ಅಂದೆ. ಭುಜ ತಾಗಿದ್ದರೆ ತಳ್ಳು ಇನ್ನೂ ಹೋಗುತ್ತದೆ. ಆದರೆ ಒಬ್ಬ ಬಗ್ಗಿದರೆ ಪಕ್ಕದವನು ಸುಮ್ನೆ ನಿಂತೇ ಇರುತ್ತಾನೆ.

ತೋಳು ಬಿಡಿಸಿದ ಸಾಲೇ ದ್ರವ. ಎಸ್ ಅಲೆಗೆ ದ್ರವದಲ್ಲಿ ದಾರಿಯಿಲ್ಲ. ಮ್ಯಾಂಟಲ್‌ನಲ್ಲಿ ಅದು ಆರಾಮಾಗಿ ಹೋಗುತ್ತದೆ, ಆದ್ದರಿಂದ ಮ್ಯಾಂಟಲ್ ಗಟ್ಟಿ. 2,900 ಕಿ.ಮೀ.ಗೆ ಬಂದು ನಿಂತುಬಿಡುತ್ತದೆ, ಆದ್ದರಿಂದ ಅದರ ಕೆಳಗಿರುವುದು ದ್ರವ. ಆ ಹುಡುಗಿ ಕೇಳಿದ ಚಿತ್ರ ಬರೆದವರು ಹೀಗೆ ಕಿವಿಗೊಟ್ಟು ಬರೆದವರು. ಡೆನ್ಮಾರ್ಕಿನ ಇಂಗೆ ಲೇಮನ್ ಅನ್ನುವ ಮಹಿಳೆ, ನ್ಯೂಜಿಲೆಂಡಿನಲ್ಲಿ 1929ರಲ್ಲಿ ಆದ ಭೂಕಂಪದ ದಾಖಲೆಗಳನ್ನು ನೋಡುತ್ತಾ, ಅಲೆಗಳು ಬರಬಾರದ ಜಾಗಕ್ಕೂ ಬಂದಿರುವುದನ್ನು ಹಿಡಿದರು. ಕೇಂದ್ರಗೋಳದ ಒಳಗೆ ಇನ್ನೊಂದು ಗೋಳವಿದೆ ಅಂತ 1936ರಲ್ಲಿ ಬರೆದರು. ಅವರು 104 ವರ್ಷ ಬದುಕಿದ್ದರು ಅಂದಾಗ ಮಕ್ಕಳಿಗೆ ಒಳ ಕೇಂದ್ರಗೋಳಕ್ಕಿಂತ ಅದೇ ಜಾಸ್ತಿ ಆಶ್ಚರ್ಯ. ಹೀಗೆ ಕಿವಿಗೊಡುವ ಕೇಂದ್ರ ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಇದೆ. ಭೂಮಿಯ ಆ ಮಗ್ಗುಲಲ್ಲಿ ನೆಲ ನಡುಗಿದರೆ ಅಲೆ ಒಳಗಿನಿಂದ ಇಲ್ಲಿಗೆ ಬರೋಕೆ 20 ನಿಮಿಷ ಸಾಕು. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಕೋಲಾರ ಮುಟ್ಟೋಕೂ ಅದಕ್ಕಿಂತ ಜಾಸ್ತಿ ಬೇಕು.

"ಗಟ್ಟಿ ಅಂದ್ರೆ ಖಂಡಗಳು ಹೇಗೆ ಸರೀತಾವೆ ಸಾರ್?" ಇದಕ್ಕೆ ನನಗೆ ರಸ್ತೆ ಪಕ್ಕದ ಡಾಂಬರು ಡ್ರಮ್ಮು ನೆನಪಾಯಿತು. ಕಂಟ್ರಾಕ್ಟರು ಬಿಟ್ಟು ಹೋದದ್ದು ಒಂದು ಉರುಳಿ ಬಿದ್ದಿರುತ್ತದಲ್ಲ. ಕಲ್ಲಿನಿಂದ ಹೊಡೆದರೆ ಡಾಂಬರು ಗಾಜಿನಂತೆ ಚೂರಾಗುತ್ತದೆ. ಹಾಗೇ ಬಿಟ್ಟರೆ ತಿಂಗಳುಗಟ್ಟಲೆ ಮೆಲ್ಲಗೆ ಬಾಯಿಂದ ಇಳಿಯುತ್ತಿರುತ್ತದೆ. ಮ್ಯಾಂಟಲ್ ಕಲ್ಲೂ ಹಾಗೆ, ಆದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್.

ಮೊಟ್ಟೆಯನ್ನೂ ಬಿಡಲಿಲ್ಲ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ ಒಂದನ್ನು ದಾರದಿಂದ ಕತ್ತರಿಸಿ ತೋರಿಸಿದೆ. ಸಿಪ್ಪೆಯ ದಪ್ಪಕ್ಕೆ ಒಳ್ಳೆಯ ಉದಾಹರಣೆ. ಮಿಕ್ಕಿದ್ದಕ್ಕೆ ಅಷ್ಟಕ್ಕಷ್ಟೆ. ಬಾಳೆಹಣ್ಣು ತಗೊಂಡವರು "ನಮಗೇನು ಸಾರ್ ಉದಾಹರಣೆ" ಅಂದರು. ಉತ್ತರ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಹಿಂದಿನ ಬೆಂಚಿನ ಹುಡುಗ ಸ್ಟಾಫ್ ರೂಮಿಗೆ ಬಂದ. ಎರಡು ಬೆರಳಿನ ಲೆಕ್ಕ ತಾತನಿಗೆ ಹೇಳಿದ್ದನಂತೆ. ತಾತ ತಮಿಳಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿಕೊಂಡು ತಂದಿದ್ದ. "ಕೇಜಲ್ಲಿ ಇಳೀತಾ ಇಳೀತಾ ಕಿವಿ ಮುಚ್ಕೊಳ್ಳೋದಂತೆ. ಮೇಲಿಂದ ತಣ್ಣನೆ ಗಾಳಿ ಬಿಡ್ತಿದ್ರೂ ಅಂಗಿ ಹಾಕ್ಕೊಳ್ಳೋಕೆ ಆಗ್ತಿರಲಿಲ್ಲವಂತೆ. ಗೋಡೆಗೆ ಬೆನ್ನು ಕೊಟ್ರೆ ಸುಡೋದಂತೆ. ಆ ಎರಡು ಬೆರಳಲ್ಲೇ ಬೆಂದು ಬಂದಿದೀವಿ, ನಿಮ್ ಸಾರ್‌ಗೆ ಹೇಳು ಅಂದ್ರು."

ನಿಜವೇ. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಕೋಲಾರದ ನೆಲ ಬಹಳ ಹಳೆಯದು, ತಣ್ಣಗಾದ ನೆಲ ಅನ್ನುತ್ತಾರೆ. ಬೇರೆ ಎಷ್ಟೋ ಕಡೆ ಅಷ್ಟೇ ಆಳಕ್ಕೆ ಇನ್ನೂ ಜಾಸ್ತಿ ಬಿಸಿ. ಇದನ್ನು ತಾತನಿಗೆ ಹೇಳಿ ಕಳಿಸುವ ಧೈರ್ಯ ನನಗಾಗಲಿಲ್ಲ.

ಕಿರುಪರೀಕ್ಷೆಯಲ್ಲಿ 'ಭೂಮಿಯ ಅಂತರಾಳದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಅಂತ ಕೊಟ್ಟಿದ್ದೆ. ಆ ಹುಡುಗ ಪುಟ ತುಂಬುವಷ್ಟು ದೊಡ್ಡ ವೃತ್ತ ಬರೆದಿದ್ದ. ಭೂಕವಚ ಬರೀ ಒಂದು ಪೆನ್ಸಿಲ್ ಗೆರೆ. ಅದಕ್ಕೆ ಬಾಣ ಎಳೆದು 'ಭೂಕವಚ (ನಮ್ಮ ತಾತ)' ಅಂತ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಮ್ಯಾಂಟಲ್‌ಗೆ ಮಾತ್ರ ಕೆಂಪನ್ನೇ ಬಳಿದಿದ್ದ. ಕರೆದು ಯಾಕೋ ಅಂತ ಕೇಳಿದೆ.

"ಹಸಿರು ಪೆನ್ಸಿಲ್ ಇರಲಿಲ್ಲ ಸಾರ್."