ಒಂದೇ ರೂಮಿಗೆ ಯಾಕೆ ಬಣ್ಣ ಹೊಡೆದರು?

ಮೈಸೂರಿನಲ್ಲಿ ಬ್ಯಾಂಕುಗಳಿಗೆ ಮನೆ ವ್ಯಾಲ್ಯುಯೇಷನ್ ಮಾಡಿಕೊಡುವುದು ನನ್ನ ಕೆಲಸ. ಓದಿದ್ದು ಸಿವಿಲ್. ಹಳೇ ಮನೆ ಕೊಳ್ಳುವವರು ಕರೆದರೆ, ಅಡ್ವಾನ್ಸ್ ಕೊಡುವ ಮೊದಲು ಹೋಗಿ ನೋಡಿ ಹೇಳುವುದೂ ಉಂಟು. ಇಪ್ಪತ್ತು ವರ್ಷ ದಾಟಿತು. ಈ ಕೆಲಸ ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಅಲ್ಯೂಮಿನಿಯಂ ಪಾತ್ರೆಯಿಂದ.

ಆಗ ನಾನು ಹೊಸಬ. ವಿದ್ಯಾರಣ್ಯಪುರಂ ಕಡೆ 1980ರ ದಶಕದ ಒಂದು ಮನೆ. ಕೊಳ್ಳುವ ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಪಾಠ ಮಾಡುವವರು. ಮಾರ್ಚ್ ತಿಂಗಳು, ಬೆಳಗ್ಗೆ ಹತ್ತು ಗಂಟೆಯ ಬಿಸಿಲು. ಅಳತೆ ಹಿಡಿದೆ, ಗೋಡೆ ತಟ್ಟಿದೆ, ಫೋಟೋ ತೆಗೆದೆ. ಹಿಂದಿನ ರೂಮಿನ ಸೀಲಿಂಗ್ ಮಾತ್ರ ಹಾಲಿನ ಹಾಗೆ ಬೆಳ್ಳಗಿತ್ತು. ಅದನ್ನು ನೋಡಿದೆ ಕೂಡ. ಪರವಾಗಿಲ್ಲ, ಮನೆ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. "ಗಟ್ಟಿ ಮನೆ, ತಗೊಳ್ಳಿ" ಅಂತ ಹೇಳಿ ಬಂದೆ.

ಜುಲೈನಲ್ಲಿ ಮೇಷ್ಟ್ರ ಫೋನು. "ಸಾರ್, ಒಂದ್ಸಲ ಬಂದು ಹೋಗ್ತೀರಾ?" ಹೋದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರ ಮನೆಯವರು ಕಾಫಿ ತಂದುಕೊಟ್ಟರು. ಹಿಂದಿನ ರೂಮಿನಲ್ಲಿ ಮಂಚ ಗೋಡೆಗೆ ಸರಿಸಿ, ಆ ಜಾಗದಲ್ಲಿ ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದರು. ನಾನು ಕಾಫಿ ಕುಡಿದು ಮುಗಿಸುವವರೆಗೆ ಅದು ಟಪ್, ಟಪ್ ಅನ್ನುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ. ಹಾಲಿನಂತಿದ್ದ ಸೀಲಿಂಗಿನಲ್ಲಿ ಕಂದು ಬಣ್ಣದ ದೊಡ್ಡ ಉಂಗುರ. ನಡುವೆ ಗಾರೆ ಉದುರಿ, ತುಕ್ಕು ಹಿಡಿದ ಎರಡು ಕಂಬಿ ಹೊರಗೆ ಕಾಣುತ್ತಿದ್ದವು.

ರಿಪೇರಿಗೆ ನಾನೇ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ಮೇಲೆ ಕೆಳಗೆ ಎಲ್ಲಾ ನೋಡಿ ಕೇಳಿದ್ದು ಒಂದೇ ಮಾತು. "ಸಾರ್, ಇಡೀ ಮನೆ ಬಿಟ್ಟು ಇದೊಂದೇ ರೂಮಿಗೆ ಯಾಕೆ ಬಣ್ಣ ಹೊಡೆದ್ರು ಅಂತ ನೀವು ಕೇಳಲಿಲ್ವಾ?"

ಕೇಳಿರಲಿಲ್ಲ.

ಮೋಲ್ಡ್, ಅಂದರೆ ಕಂಬಿ ಕಟ್ಟಿ ಕಾಂಕ್ರೀಟು ಹಾಕಿದ ಚಾವಣಿ, ಹಾಳಾಗುವುದು ಹೀಗೆ. ತಾರಸಿಯ ಬಿರುಕಿನಲ್ಲಿ ನೀರು ಇಳಿದು ಕಂಬಿ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಕಂಬಿಯ ಕೆಳಗಿರುವ ಕಾಂಕ್ರೀಟು ಅರ್ಧ, ಮುಕ್ಕಾಲು ಇಂಚು ಅಷ್ಟೇ. ಅದು ಸಿಡಿದು ಉದುರುತ್ತದೆ. ಅದರ ಮೇಲೆ ಪುಟ್ಟಿ ಹಾಕಿ ಬಣ್ಣ ಬಳಿದರೆ ಒಂದು ಬೇಸಿಗೆ ಮುಚ್ಚಿಡಬಹುದು. ಮಾರುವವರಿಗೆ ಒಂದು ಬೇಸಿಗೆ ಸಾಕು, ಅಲ್ವಾ?

ಅಲ್ಲಿಂದೀಚೆಗೆ ನಾನು ಹಾಲ್ ನೋಡುವ ಮೊದಲು ತಾರಸಿ ಹತ್ತುತ್ತೇನೆ. ಎರಡು ಬಕೆಟ್ ನೀರು ಸುರಿದು ಸುಮ್ನೆ ನಿಲ್ಲುತ್ತೇನೆ. ನೀರು ಪೈಪಿನ ಕಡೆ ಹೊರಟರೆ ವಾಟ, ಅಂದರೆ ಇಳಿಜಾರು, ಸರಿ ಇದೆ. ನಡುವೆ ನಿಂತರೆ, ಆ ಜಾಗದ ಕೆಳಗೆ ಯಾವ ರೂಮು ಅಂತ ಲೆಕ್ಕ ಹಾಕಿ ಅಲ್ಲಿಗೆ ಇಳಿಯುತ್ತೇನೆ. ಕೈಯಲ್ಲಿ ಸಣ್ಣ ಸುತ್ತಿಗೆ. ಗಟ್ಟಿ ಮೋಲ್ಡ್ ಟಣ್ ಅನ್ನುತ್ತದೆ, ಬಿಟ್ಟುಕೊಂಡಿದ್ದು ಡಬ್ ಅನ್ನುತ್ತದೆ. ಮಾರುವವರಿಗೆ ಈ ಸುತ್ತಿಗೆ ಕಂಡರೆ ಆಗುವುದಿಲ್ಲ. ಒಬ್ಬರು ಸುತ್ತಿಗೆ ಆಚೆ ಇಟ್ಟು ಬನ್ನಿ ಅಂದರು. ಆ ಮನೆ ಬಗ್ಗೆ ಆಮೇಲೆ ಜಾಸ್ತಿ ಹೇಳಬೇಕಾಗಿ ಬರಲಿಲ್ಲ.

ಹಾಲಿನ ಗೋಡೆಗೆ ನಾಲ್ಕು ಅಡಿ ಎತ್ತರ ಟೈಲ್ಸ್ ಅಂಟಿಸಿದ್ದರೆ ಅದೂ ಪ್ರಶ್ನೆಯೇ. ಬಚ್ಚಲಿಗಾದರೆ ಸರಿ, ಹಾಲಿಗೆ ಯಾಕೆ? ಸಾಮಾನ್ಯವಾಗಿ ಅದರ ಹಿಂದೆ ನೆಲದಿಂದ ಏರಿದ ತೇವ ಇರುತ್ತದೆ, ಗೋಡೆ ಉಪ್ಪು ಬಿಟ್ಟಿರುತ್ತದೆ. ಬಿರುಕು ಕಂಡರೆ ಮಾತ್ರ ಎಲ್ಲರೂ ಗಾಬರಿಯಾಗುತ್ತಾರೆ. ಕೂದಲೆಳೆಯಂಥವು ಗಾರೆಯವು, ಬಿಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಆ ಕಡೆಯೂ ಅದೇ ಜಾಗದಲ್ಲಿ ಕಾಣುವ ಬಿರುಕು ಬೇರೆ. ಅದರೊಳಗೆ ಒಂದು ರೂಪಾಯಿ ನಾಣ್ಯ ತೂರಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಜನ ನೋಡದೇ ಇರುವುದು ರಸ್ತೆಯನ್ನು. ಹಳೇ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆದ್ದಿದೆ, ಮನೆ ಇದ್ದಲ್ಲೇ ಇದೆ. ಕಟ್ಟಿದಾಗ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು. ನಾನು ಮಟ್ಟ ನೋಡುವ ನೀರಿನ ಟ್ಯೂಬು ಹಿಡಿದು ಒಳಗಿನ ನೆಲಕ್ಕೂ ರಸ್ತೆಗೂ ಎಷ್ಟು ಇಂಚು ಅಂತ ಬರೆದುಕೊಳ್ಳುತ್ತೇನೆ. ನೆಲವೇ ತಗ್ಗಿದ್ದರೆ ಅದಕ್ಕೆ ಸುಲಭದ ರಿಪೇರಿ ಅಂತ ಒಂದಿಲ್ಲ, ಪ್ರತಿ ಮಳೆಗೂ ಬಕೆಟ್ ಹಿಡಿಯಬೇಕು. ಹಾಗೇ ಹಿತ್ತಲಿನ ಚೇಂಬರ್, ಅಂದರೆ ಒಳಚರಂಡಿ ಗುಂಡಿ, ಅದರ ಮುಚ್ಚಳ ತೆಗೆಸಿ. ಪಕ್ಕದ ಮನೆಯ ಕೊಳಚೆ ನೀರು ನಿಮ್ಮ ಚೇಂಬರ್ ಮೂಲಕವೇ ಕನ್ಸರ್ವೆನ್ಸಿಗೆ, ಅಂದರೆ ಮನೆಗಳ ಹಿಂದಿನ ಚರಂಡಿ ಗಲ್ಲಿಗೆ, ಹೋಗುತ್ತಿರಬಹುದು. ಅಣ್ಣತಮ್ಮಂದಿರು ಸೈಟು ಹಂಚಿಕೊಂಡು ಕಟ್ಟಿದ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಪೈಪು, ವೈರಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಮೂವತ್ತು ನಲವತ್ತು ವರ್ಷದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕಿನಿಂದ ಕಟ್ಟಿಕೊಂಡಿರುತ್ತದೆ. ಹಳೇ ಕಾಲದ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇನ್ನೂ ಇದ್ದರೆ ಅರ್ಥಿಂಗ್ ಇರುವುದು ಅನುಮಾನ. ಎರಡನ್ನೂ ಹೊಸದಾಗಿ ಮಾಡಿಸಬೇಕು ಅಂತಲೇ ದುಡ್ಡು ಎತ್ತಿಟ್ಟುಕೊಳ್ಳಿ.

ಇನ್ನು ಲೆಕ್ಕ. ಮೋಲ್ಡ್ ಮನೆಗೆ 60 ವರ್ಷ ಆಯಸ್ಸು ಅಂತ ಹಿಡಿದು, ಕೊನೆಗೆ ಶೇ 10 ಬೆಲೆ ಉಳಿಸಿ, ವರ್ಷಕ್ಕಿಷ್ಟು ಅಂತ ಕಳೆಯುವುದು ನಮ್ಮಲ್ಲಿ ವಾಡಿಕೆ. 800 ಚದರ ಅಡಿ ಮನೆ, ಇವತ್ತು ಕಟ್ಟಲು ಅಡಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. 16 ಲಕ್ಷ. ಮನೆಗೆ 40 ವರ್ಷ ಆಗಿದ್ದರೆ ಉಳಿಯುವುದು 6.4 ಲಕ್ಷ. ಮಿಕ್ಕಿದ್ದೆಲ್ಲಾ ಸೈಟಿನ ಬೆಲೆ. ಮಾರುವವರು ಮಾಡ್ಯುಲರ್ ಕಿಚನ್ ತೋರಿಸಿ ಐದು ಲಕ್ಷ ಏರಿಸಿದರೆ ಈ ಲೆಕ್ಕ ನೆನಪಿರಲಿ.

ಬ್ಯಾಂಕಿನವರು ನೋಡುವುದು ಒಪ್ಪಂದದ ಬೆಲೆ, ನನ್ನ ವ್ಯಾಲ್ಯೂ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು. ಮಾತಾಡಿದ್ದು 50 ಲಕ್ಷ, ನನ್ನ ವ್ಯಾಲ್ಯೂ 45 ಬಂತು ಅನ್ನಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಮಿತಿ ಶೇ 80. ಹಾಗಾಗಿ 36 ಲಕ್ಷ ಸಿಗುತ್ತದೆ, 14 ಲಕ್ಷ ಕೈಯಿಂದ. ನೋಂದಣಿ ಖರ್ಚು ಬೇರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯಿತು. ಮುದ್ರಾಂಕ ಶುಲ್ಕ, ಸೆಸ್ ಎಲ್ಲಾ ಸೇರಿ ನಗರದಲ್ಲಿ ಶೇ 7.6. ಅಂದರೆ ಇನ್ನೂ 3.8 ಲಕ್ಷ. ಇಷ್ಟೆಲ್ಲಾ ಮುಗಿಸಿ ಕೈ ಖಾಲಿ ಮಾಡಿಕೊಂಡವರೇ ಜುಲೈನಲ್ಲಿ ಪಾತ್ರೆ ಇಟ್ಟುಕೊಂಡು ಕೂರುವುದು.

ಕಾಗದಪತ್ರ ನನ್ನ ಕೆಲಸ ಅಲ್ಲ, ವಕೀಲರಿಗೆ ತೋರಿಸಿ. ಮಾರುವವರ ಅಕ್ಕತಂಗಿಯರ ಸಹಿ ಇದೆಯಾ ಅಂತ ಮಾತ್ರ ನಾನೂ ಕೇಳುತ್ತೇನೆ, ಅಭ್ಯಾಸ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ, ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಅಂದರೇ ಜನ ಹೆದರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮರ ಗಟ್ಟಿ ಇದ್ದು, ಮೇಲಿಂದ ನೀರು ಇಳಿಯದಿದ್ದರೆ ಆ ಮನೆ ಇನ್ನೂ ಬಾಳುತ್ತದೆ. ಬ್ಯಾಂಕಿನವರು ಸಾಲಕ್ಕೆ ಮೂಗು ಮುರಿಯುತ್ತಾರೆ, ಅದು ಬೇರೆ ಮಾತು.

ಹೋದ ವರ್ಷ ಒಬ್ಬ ಆಟೋ ಡ್ರೈವರ್ ಬಂದರು, ಜೊತೆಗೆ ಅವರ ತಾಯಿ. ಕನಕಗಿರಿ ಕಡೆ ಮನೆ. ಹತ್ತು ವರ್ಷದಿಂದ ಬಣ್ಣ ಕಂಡಿರಲಿಲ್ಲ. ಅಡುಗೆಮನೆ ಹೊಗೆ ಹಿಡಿದು ಕಪ್ಪು, ಬಾಗಿಲವಾಡಕ್ಕೆ ಗೆದ್ದಲು, ನೆಲ ಕೆಂಪು ಆಕ್ಸೈಡ್. ಮೂರು ಪಾರ್ಟಿ ನೋಡಿ ಬೇಡ ಅಂದಿದ್ದರಂತೆ. ನನಗೆ ಖುಷಿಯಾಯಿತು. ಮುಚ್ಚಿಟ್ಟಿದ್ದು ಏನೂ ಇಲ್ಲವಲ್ಲ! ಅಷ್ಟು ವರ್ಷದ ಮಳೆಗೆ ಸೀಲಿಂಗಿನಲ್ಲಿ ಒಂದೇ ಒಂದು ಕಲೆ, ಅದೂ ಪೈಪಿನ ಪಕ್ಕ. ಸುತ್ತಿಗೆ ಎಲ್ಲಾ ಕಡೆ ಟಣ್ ಅಂತು. ರಸ್ತೆಗಿಂತ ನೆಲ ಐದೇ ಇಂಚು ಎತ್ತರ ಇತ್ತು. ಅದೊಂದನ್ನು ಹಿಡಿದು ಚೌಕಾಸಿ ಮಾಡಿ ಅಂದೆ. ಒಂದೂವರೆ ಲಕ್ಷ ಇಳಿಸಿದರು. ಗೇಟಿನ ಹತ್ತಿರ ಅಡ್ಡಕ್ಕೆ ಒಂದು ದಿಣ್ಣೆ ಕಟ್ಟಿಸಿಕೊಳ್ಳಿ ಅಂತಲೂ ಹೇಳಿದೆ.

"ನೆಲ ಕಿತ್ತು ಟೈಲ್ಸ್ ಹಾಕಿಸ್ಬೇಕಾ ಸಾರ್?" ಅಂತ ಅವರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ತಾಯಿ ಬೇಡ ಅಂದರು. ಕಾಲಿಗೆ ತಣ್ಣಗಿರುತ್ತೆ ಅಂತೆ.

ಈ ಸಲದ ಮೊದಲ ಜೋರು ಮಳೆಯ ದಿನ ರಾತ್ರಿ ಹತ್ತಕ್ಕೆ ಫೋನು ಬಂತು. ನನ್ನ ಎದೆ ಧಸಕ್ಕೆಂದಿತು. ಆಟೋದವರೇ, ಕೊಡೆ ಹಿಡಿದು ತಮ್ಮ ಮನೆ ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದರು.

"ಸಾರ್, ರೋಡ್ ನೀರು ದಿಣ್ಣೆವರೆಗೂ ಬಂದು ಅಲ್ಲೇ ನಿಂತುಬಿಡ್ತು. ಸುಮ್ನೆ ಹೇಳೋಣ ಅಂತ ಮಾಡಿದೆ. ಮಲಗಿದ್ರಾ?"