ಸುಡೊಕು ಅಭ್ಯಾಸ: ಎಕ್ಸ್-ವಿಂಗ್ ಕೈಗೆ ಹತ್ತಿತು

ದಸರೆ ಹೊತ್ತಿಗೆ ಪೇಪರಿನ ಸುಲಭ ಸುಡೊಕು ಸಲೀಸಾಗಿತ್ತು. ಆಮೇಲೆ 'ಕಠಿಣ' ಅಂತ ಬರೆದಿರುವುದಕ್ಕೆ ಕೈ ಹಾಕಿದೆ. ಊಹೆ ಮಾಡಿ ಅಂಕಿ ತುಂಬುವ ಹಾಗಿಲ್ಲ, ಇಷ್ಟೇ ನಾನು ಹಾಕಿಕೊಂಡ ಷರತ್ತು. ಸರಿಯಾಗಿ ಕಟ್ಟಿದ ಸುಡೊಕುವಿಗೆ ಉತ್ತರ ಒಂದೇ. ಅದಕ್ಕೆ ಕನಿಷ್ಠ 17 ಅಂಕಿ ಮೊದಲೇ ಕೊಟ್ಟಿರಬೇಕು. 16 ಸಾಲುವುದಿಲ್ಲ ಅಂತ 2012ರಲ್ಲಿ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ತಂಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿತು. ಉತ್ತರ ಒಂದೇ ಅಂದಮೇಲೆ ಕಾರಣ ಹಿಡಿದುಕೊಂಡೇ ಅಲ್ಲಿಗೆ ಹೋಗಬೇಕು, ಅಲ್ವಾ?

ಬಾಗಲಕೋಟೆ ನವನಗರದಲ್ಲಿ ವಿಳಾಸ ಹೇಳುವುದೇ ಸೆಕ್ಟರ್ ಲೆಕ್ಕದಲ್ಲಿ. ಹಾಗಾಗಿ ಸುಡೊಕುವಿನ ಒಂಬತ್ತು ಮನೆಗಳ ಚೌಕಕ್ಕೆ ನಾನೂ ಕಾಕಾನೂ ಸೆಕ್ಟರ್ ಅಂತಲೇ ಅನ್ನುತ್ತೇವೆ.

ದೊಡ್ಡ ಬದಲಾವಣೆ ಆಗಿದ್ದು ನೋಡುವ ರೀತಿಯಲ್ಲಿ. 'ಈ ಮನೆಗೆ ಯಾವ ಅಂಕಿ?' ಅನ್ನುವುದನ್ನು ಬಿಟ್ಟು, 'ಈ ಸೆಕ್ಟರಿನಲ್ಲಿ 4 ಎಲ್ಲೆಲ್ಲಿ ಕೂರಬಹುದು?' ಅಂತ ಕೇಳಲು ಶುರುಮಾಡಿದೆ. ಮೊದಲ ಸೆಕ್ಟರಿನಲ್ಲಿ 4ಕ್ಕೆ ಜಾಗ ಇರುವುದು ಮೇಲಿನ ಸಾಲಿನಲ್ಲಿ ಮಾತ್ರ ಅನ್ನಿ. ಆಗ ಆ ಸಾಲಿನ ಉಳಿದ ಆರು ಮನೆಗಳಿಂದ 4 ಹೊಡೆದು ಹಾಕಬಹುದು. ಜೋಡಿ ಹುಡುಕುವುದೂ ಇಷ್ಟೇ ಸರಳ: ಒಂದೇ ಸಾಲಿನ ಎರಡು ಮನೆಗಳಲ್ಲಿ ಬರೀ 2, 5 ಉಳಿದಿದ್ದರೆ ಆ ಸಾಲಿನಲ್ಲಿ ಬೇರೆಲ್ಲೂ ಅವು ಬರುವುದಿಲ್ಲ.

ಎರಡು ಸಾಲು, ಎರಡು ಕಂಬ ಒಟ್ಟಿಗೆ ನೋಡಿ ಒಂದು ಅಂಕಿಯನ್ನು ಬೇರೆ ಮನೆಗಳಿಂದ ಅಳಿಸುವ ಎಕ್ಸ್-ವಿಂಗ್ ಮಾತ್ರ ಬಹಳ ಸತಾಯಿಸಿತು. "ತಮ್ಮಾ, ಬರೇ 7 ನೋಡು. ಉಳಿದದ್ದು ಮರ್ತುಬಿಡು" ಅಂದರು ಕಾಕಾ. ಹಾಗೆ ನೋಡಿದಾಗ ಕಂಡಿತು. ಎರಡನೇ ಅಡ್ಡಸಾಲಿನಲ್ಲಿ 7ಕ್ಕೆ ಎರಡೇ ಜಾಗ, 3 ಮತ್ತು 8ನೇ ಕಂಬಗಳಲ್ಲಿ. ಆರನೇ ಅಡ್ಡಸಾಲಿನಲ್ಲೂ ಅವೇ ಎರಡು ಕಂಬ. ಒಂದು ಸಾಲು 3ನೇ ಕಂಬ ಹಿಡಿದರೆ ಇನ್ನೊಂದಕ್ಕೆ 8ನೆಯದೇ ಗತಿ. ಹೇಗೆ ಕೂತರೂ ಎರಡೂ ಕಂಬಗಳ 7 ಈ ಎರಡು ಸಾಲುಗಳಲ್ಲೇ ಮುಗಿಯಿತು. ಆ ಕಂಬಗಳ ಬೇರೆ ಮನೆಗಳಿಂದ 7 ಅಳಿಸಿದೆ. ಸಿಕ್ಕಿಕೊಂಡಿದ್ದ ಆಟ ಸರಸರ ಬಿಚ್ಚಿಕೊಂಡಿತು. ಎಂಥಾ ಖುಷಿ ಅಂತೀರಿ! 7 ಎಲ್ಲೂ ತುಂಬಿಲ್ಲ, ಆದರೂ ಎಷ್ಟೊಂದು ಗೊತ್ತಾಯಿತು.

ಇದಕ್ಕೆ ಪೆನ್ಸಿಲ್ ಗುರುತು, ಅಂದರೆ ಖಾಲಿ ಮನೆಯಲ್ಲಿ ಬರಬಹುದಾದ ಅಂಕಿಗಳನ್ನು ಸಣ್ಣದಾಗಿ ಬರೆದುಕೊಳ್ಳುವುದು, ಪಕ್ಕಾ ಇರಬೇಕು. ಆ ಸಾಲುಗಳಲ್ಲಿ ಒಂದು 7 ಬರೆಯುವುದು ಬಿಟ್ಟರೂ ಇಲ್ಲದ ಎಕ್ಸ್-ವಿಂಗ್ ಕಾಣುತ್ತದೆ.

2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಅಲ್ಲಿ ಗಡಿಯಾರವೂ ಎದುರಾಳಿ. ನನಗೆ ಸದ್ಯ ವೇಗ ಬೇಡ. ಮೂರು ಸಾಲು, ಮೂರು ಕಂಬದ ಸ್ವೋರ್ಡ್‌ಫಿಶ್ ತರ್ಕ ತಿಳಿದಿದೆ, ಆದರೆ ಆಟದ ನಡುವೆ ಇನ್ನೂ ಕಣ್ಣಿಗೆ ಬೀಳುತ್ತಿಲ್ಲ. ಮುಂದೆ ಕಲಿಯಬೇಕಾದ ತಂತ್ರ ಎಕ್ಸ್‌ವೈ-ವಿಂಗ್. ಅದಕ್ಕಾಗಿ ಎರಡೇ ಅಂಕಿ ಉಳಿದಿರುವ ಮನೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಲು ಶುರುಮಾಡಿದ್ದೇನೆ.