ಕೆರೆಯ ಕೋಡಿಯಿಂದ ಕಡಲ ಕೋಡಿಗೆ: ಮಂಗಳೂರು–ಉಡುಪಿಯಲ್ಲಿ ಎರಡು ದಿನ

ಈ ದಾರಿಯಲ್ಲಿ ಹೊರಡುವವರಿಗೆ ಮೊದಲೇ ಎರಡು ಮಾತು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ ಹೋಗಿ. ಉಬ್ಬರ–ಇಳಿತದ ಸಮಯ ನೋಡಿಕೊಂಡು ಹೋಗಿ. ಎರಡನೆಯದನ್ನು ನಾನು ಮಾಡಲಿಲ್ಲ, ಅದರ ಕತೆ ಮುಂದೆ ಬರುತ್ತದೆ.

ಹೊರಟದ್ದು ಅಕ್ಕನ ಮಗಳಿಂದಾಗಿ. ಅವಳಿಗೆ ಶಾಲೆಯಲ್ಲಿ ಸರೋವರಗಳ ಬಗ್ಗೆ ಪ್ರಾಜೆಕ್ಟ್. ಉಲ್ಕೆ ಬಿದ್ದ ಗುಂಡಿಯಲ್ಲಿ ಆದದ್ದು ಮಹಾರಾಷ್ಟ್ರದ ಲೋನಾರ್. ನದಿ ದಾರಿ ಬದಲಿಸಿದಾಗ ಬಿಟ್ಟುಹೋದ ತುಂಡು ಬಿಹಾರದ ಕನ್ವರ್. ಮರಳ ದಂಡೆಯ ಹಿಂದೆ ನಿಂತದ್ದು ಒಡಿಶಾದ ಚಿಲಿಕಾ. ಎಲ್ಲ ಬರೆದು ಮುಗಿಸಿ ಕೇಳಿದಳು, "ಮಾಮ, ನಮ್ಮೂರಿನದ್ದು ಒಂದೂ ಇಲ್ವಾ?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ. ಆದರೂ ತಾನಾಗಿ ಆದ ದೊಡ್ಡ ಕೆರೆ ಕಾಣುವುದು ಅಪರೂಪ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಬಿದ್ದ ನೀರು ಓಡಿಹೋಗುತ್ತದೆ. ನಿಲ್ಲಬೇಕಾದರೆ ಯಾರಾದರೂ ತಡೆಯಬೇಕು. ಯಾರು ತಡೆದರು ಅಂತ ನೋಡುತ್ತಾ ಹೋಗುವುದೇ ನಮ್ಮ ಪ್ರವಾಸ ಆಯಿತು.

ಮಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟೆವು. ವಾಮಂಜೂರು ಹತ್ತಿರದ ಪಿಲಿಕುಳ ಹತ್ತಿರದಲ್ಲೇ ಇದೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ಹುಲಿ ನೀರು ಕುಡಿಯಲು ಬರುತ್ತಿದ್ದ ಕುಳ ಅಂತ ಹೆಸರು. ಮಕ್ಕಳಿದ್ದರೆ ಅಲ್ಲೇ ಅರ್ಧ ದಿನ ಹೋಗುತ್ತದೆ, ಹಾಗಾಗಿ ನಾವು ಇಳಿಯಲಿಲ್ಲ.

ಮುಂದೆ ದಾರಿಯುದ್ದಕ್ಕೂ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳು, ಅಂದರೆ ಮೇಲೆ ಚಪ್ಪಟೆಯಾದ ಬೋಳು ಗುಡ್ಡಗಳು. ಮೇಲ್ಮೈ ಗಟ್ಟಿಯಾಗಿರುವಲ್ಲಿ ಮಳೆಗಾಲದ ನೀರು ಗೇಣು ಆಳಕ್ಕೆ ನಿಂತು, ಕೆಲವು ತಿಂಗಳಲ್ಲೇ ಒಣಗುತ್ತದೆ. ಅಷ್ಟರಲ್ಲೇ ಅಲ್ಲಿ ಹುಳ ಹಿಡಿದು ತಿನ್ನುವ ಪುಟ್ಟ ನೀಲಿ ಹೂವಿನ ಗಿಡಗಳು ಬೆಳೆದು, ಬೀಜ ಬಿಟ್ಟು ಮುಗಿಸುತ್ತವೆ. ಅದನ್ನು ನೋಡಬೇಕಾದರೆ ಸೆಪ್ಟೆಂಬರ್ ದಾಟಿಸಬೇಡಿ. ಇನ್ನೊಂದು ಬಗೆಯ ನೀರು ಕಲ್ಲು ತೆಗೆದ ಕೋರೆಗಳಲ್ಲಿ ನಿಲ್ಲುತ್ತದೆ. ಹಸಿರು ಬಣ್ಣ, ಫೋಟೋಕ್ಕೆ ಚಂದ. ದಯವಿಟ್ಟು ಇಳಿಯಬೇಡಿ. ಗೋಡೆ ನೇರಕ್ಕೆ ಕಡಿದಿರುತ್ತಾರೆ, ಹಿಡಿದು ಹತ್ತಲು ಏನೂ ಇರುವುದಿಲ್ಲ. ಈಜು ಬರುವವರೂ ಸೋಲುವ ಜಾಗ ಅದು.

ಮೂಡುಬಿದಿರೆ ದಾಟಿದ ಮೇಲೆ ಕಿಟಕಿಯಿಂದ ಗದ್ದೆ ತೋರಿಸಿದೆ. ತಗ್ಗಿನದ್ದು ಬೈಲು, ಅದಕ್ಕಿಂತ ಮೇಲಿನದ್ದು ಮಜಲು, ಇನ್ನೂ ಮೇಲಿನದ್ದು ಬೆಟ್ಟು. ನೀರು ಎಷ್ಟು ದಿನ ನಿಲ್ಲುತ್ತದೆ ಅನ್ನುವುದರ ಮೇಲೆ ಹಿರಿಯರು ಇಟ್ಟ ಹೆಸರು. 1971ರಲ್ಲಿ ಇರಾನಿನ ರಾಮ್‌ಸಾರ್‌ನಲ್ಲಿ ಜೌಗು ನೆಲಗಳ ಬಗ್ಗೆ ಆದ ಒಪ್ಪಂದದ ಲೆಕ್ಕದಲ್ಲೂ ಭತ್ತದ ಗದ್ದೆ ಜೌಗು ನೆಲವೇ. ಇಳಿತದಲ್ಲಿ 6 ಮೀಟರ್ ಆಳ ಮೀರದ ಕಡಲ ಅಂಚು ಕೂಡ. ಹಾಗಾದರೆ ನಮ್ಮ ಅಜ್ಜನ ಬೈಲೂ ಪ್ರಾಜೆಕ್ಟಿಗೆ ಸೇರುತ್ತದೆ ಅಲ್ವಾ?

ಕಾರ್ಕಳದ ಆನೆಕೆರೆಯಲ್ಲಿ ಅರ್ಧ ಗಂಟೆ ಸಾಕು. ಸಮಯ ಉಳಿಸಿಕೊಂಡು ಹೆಬ್ರಿ ದಾರಿಯಲ್ಲಿ ಸುಮಾರು 25 ಕಿ.ಮೀ. ಮುಂದಿನ ವರಂಗಕ್ಕೆ ಹೋಗಿ. ಕೆರೆಯ ನಡುವೆ ಚತುರ್ಮುಖ ಬಸದಿ, ಹಿಂದೆ ಘಟ್ಟದ ಸಾಲು. ದೋಣಿಯಲ್ಲೇ ಹೋಗಬೇಕು. ದೋಣಿ ಚಿಕ್ಕದು, ಕಾಯಬೇಕಾಗುತ್ತದೆ, ಸಂಜೆ ತಡ ಮಾಡಬೇಡಿ. ಬಸದಿ ನೋಡಿ ಬಂದವರು ಸಾಮಾನ್ಯವಾಗಿ ಹಾಗೇ ಹೊರಟುಬಿಡುತ್ತಾರೆ. ನೀವು ದಡದ ಮೇಲೆ ಸ್ವಲ್ಪ ನಡೆಯಿರಿ. ಇಂಥ ಕೆರೆಗಳ ಗುಟ್ಟು ಏರಿಯಲ್ಲಿದೆ. ಎರಡು ಎತ್ತರದ ನಡುವಿನ ತಗ್ಗಿಗೆ ಒಂದು ಕಡೆ ಮಣ್ಣಿನ ಏರಿ ಹಾಕಿದರೆ ಉಳಿದ ಕೆಲಸ ಮಳೆ ಮಾಡುತ್ತದೆ. ಜಾಸ್ತಿಯಾದ ನೀರು ಹೊರಗೆ ಹೋಗುವ ಜಾಗವೇ ಕೋಡಿ. ನೀರಿನ ಜೊತೆ ಬರುವ ಮಣ್ಣು ಮಾತ್ರ ಕೋಡಿ ದಾಟುವುದು ಕಡಿಮೆ, ತಳದಲ್ಲೇ ಕೂರುತ್ತದೆ. ಹೂಳು ತೆಗೆಯದೆ ಬಿಟ್ಟರೆ ಮೊದಲು ತಾವರೆ, ಆಮೇಲೆ ಹುಲ್ಲು, ಕೊನೆಗೆ ಗದ್ದೆ.

ರಾತ್ರಿ ಉಡುಪಿಯಲ್ಲಿ ಉಳಿದೆವು. ಬೆಳಿಗ್ಗೆ ಮಠಕ್ಕೆ ಹೋದಾಗ ಮಧ್ವ ಸರೋವರವನ್ನೂ ಪಟ್ಟಿಗೆ ಸೇರಿಸಿಕೊಂಡಳು. ಅಲ್ಲಿಂದ ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆ. ಇಲ್ಲಿ ಕೋಡಿ ಅಂದರೆ ನೆಲದ ತುದಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ಮತ್ತು ಸೀತಾ ನದಿ ಸೇರಿದ ನೀರು, ನಡುವೆ ತೆಳ್ಳಗೆ ಮರಳು. ನದಿ ತಂದ ಮರಳನ್ನು ಅಲೆ ವಾಪಸ್ ತಳ್ಳುತ್ತದೆ, ದಡದುದ್ದಕ್ಕೂ ಎಳೆದು ದಂಡೆ ಕಟ್ಟುತ್ತದೆ. ದಂಡೆ ಉದ್ದವಾದಂತೆ ನದಿ ನೇರ ಕಡಲಿಗೆ ಹೋಗಲಾಗದೆ ಪಕ್ಕಕ್ಕೆ ತಿರುಗುತ್ತದೆ. ಮಂಗಳೂರಿನವರಿಗೆ ಇದು ಹೊಸದಲ್ಲ. ತಣ್ಣೀರುಬಾವಿ, ಬೆಂಗ್ರೆಗಳ ಹಿಂದೆ ಗುರುಪುರ ನದಿ ಹರಿಯುವುದೂ ಹೀಗೇ. ಅಳಿವೆ ಬಾಯಲ್ಲಿ ಸೆಳೆತ ಜೋರು, ಮೊಣಕಾಲಿನಷ್ಟು ನೀರಿಗೂ ಇಳಿಯಬೇಡಿ.

ಮಧ್ಯಾಹ್ನ ಸಾಲಿಗ್ರಾಮದ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್ ಗಿಡಗಳು) ನೋಡಲು ಕಯಾಕ್ ಅನ್ನುವ ಪುಟ್ಟ ಹುಟ್ಟುದೋಣಿ ಹತ್ತಿದೆವು. ಸಿಹಿನೀರು ಉಪ್ಪುನೀರು ಸೇರುವಲ್ಲಿ ನಯವಾದ ಕೆಸರು ತಳಕ್ಕೆ ಇಳಿಯುತ್ತದೆ. ಕಾಂಡ್ಲಾ ಬೇರು ಆ ಕೆಸರನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಜಾತಿಗೆ ಊರುಗೋಲಿನಂಥ ಬೇರು, ಇನ್ನೊಂದಕ್ಕೆ ಕೆಸರಿನಿಂದ ಮೇಲೆದ್ದ ಪೆನ್ಸಿಲ್‌ನಂಥ ಬೇರು. ಕೆಸರಿನೊಳಗೆ ಗಾಳಿ ಇಲ್ಲ, ಅದಕ್ಕೇ ಮೂಗು ಹೊರಗೆ. ಕೊಳೆತ ಮೊಟ್ಟೆಯ ವಾಸನೆಯೂ ಅದರಿಂದಲೇ.

ನಾವು ಇದನ್ನೆಲ್ಲ ಬಹಳ ಹತ್ತಿರದಿಂದ ನೋಡಿದೆವು. ಯಾಕೆಂದರೆ ನೀರು ಇಳಿದು ಕಯಾಕ್ ಕೆಸರಿಗೆ ಕೂತಿತ್ತು. ತಳ್ಳಲು ಇಳಿದೆ. ಒಂದು ಚಪ್ಪಲಿ ಹೋಯಿತು, ಚಿಪ್ಪು ತಾಗಿ ಕಾಲು ಕೊಯ್ಯಿತು. ಜೊತೆಗಿದ್ದ ಹುಡುಗ ಅವಸರವೇ ಇಲ್ಲದೆ ಹೇಳಿದ, "ನೀರ್ ಬಪ್ಪೋರಿಗೆ ಸುಮ್ನೆ ಕೂಕಣಿ." ಅಂದರೆ, ನೀರು ಬರುವವರೆಗೆ ಸುಮ್ಮನೆ ಕೂತುಕೊಳ್ಳಿ. ಒಂದು ಗಂಟೆಗೂ ಜಾಸ್ತಿ ಕೂತೆವು. ನಿನ್ನೆ ಬಂದವರು ಇದೇ ಹೊತ್ತಿಗೆ ಆರಾಮಾಗಿ ಸುತ್ತಿದ್ದರು ಅಂತ ಅವರಿವರನ್ನು ಕೇಳಿ ಹೊರಟದ್ದು ನನ್ನ ತಪ್ಪು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮೊದಲು ನೀರಿಗಿಳಿದರೆ ಸರಿ. ಬೆಲ್ಟ್ ಇರುವ ಚಪ್ಪಲಿ ಹಾಕಿ.

ಹೀಗಾಗಿ ಮರವಂತೆಗೆ ತಲುಪುವಾಗ ಸೂರ್ಯ ಮುಳುಗಲು ಹತ್ತೇ ನಿಮಿಷ. ಕೊಲ್ಲೂರು ಕಡೆಯಿಂದ ಬರುವ ಸೌಪರ್ಣಿಕಾ ಇಲ್ಲಿ ಕಡಲಿಗೆ ಕಲ್ಲೆಸೆಯುವಷ್ಟು ಹತ್ತಿರ ಬಂದರೂ ಸೇರುವುದಿಲ್ಲ. ತಿರುಗಿ ಗಂಗೊಳ್ಳಿಗೆ ಹೋಗಿ, ಉಳಿದ ನದಿಗಳ ಜೊತೆ ಸೇರುತ್ತದೆ. ನಡುವೆ ಹೆದ್ದಾರಿ 66. ಎಲ್ಲರೂ ಕಡಲಿಗೆ ಮುಖ ಮಾಡಿ ನಿಂತಿದ್ದರು. ಅವಳು ನದಿಯ ಕಡೆ ತಿರುಗಿ ಪೆನ್ಸಿಲ್ ಹಿಡಿದಳು. ಮಕ್ಕಳ ಕೈ ಬಿಡಬೇಡಿ, ಲಾರಿಗಳು ನಿಲ್ಲದೆ ಬರುತ್ತವೆ. ಉಡುಪಿಗೆ ವಾಪಸಾಗಲು ಒಂದೂವರೆ ಗಂಟೆ ಇಟ್ಟುಕೊಳ್ಳಿ.